ರದ್ದು, ರಸೀದಿ, ವಾಪಸ್: ಒಂದು ವೆಬ್ ಹೋಸ್ಟಿಂಗ್ ಖಾತೆ ಕಲಿಸಿದ ಪಾಠ

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ನನಗೆ ಮಾತನಾಡಲು ಹೇಳಿದಾಗ ಸಾಮಾನ್ಯವಾಗಿ ಉರ್ದು ಭಾಷೆಯ ಬಗ್ಗೆ, ಇಲ್ಲವೇ ಎಸ್.ಎಸ್.ಎಲ್.ಸಿ. ಫಲಿತಾಂಶದ ಬಗ್ಗೆ ಮಾತನಾಡುತ್ತೇನೆ ಎಂದು ನೀವು ನಿರೀಕ್ಷಿಸುತ್ತೀರಿ. ಈ ಸಲ ಹಾಗಲ್ಲ. ನನ್ನಿಂದ ಆದ ಒಂದು ತಪ್ಪಿನ ಬಗ್ಗೆ ಮಾತನಾಡುತ್ತೇನೆ. ಆ ತಪ್ಪಿನ ಬೆಲೆ 10,620 ರೂಪಾಯಿ. ಅದು ಸಂಘದ ಹಣ, ಅಂದರೆ ನಿಮ್ಮ ಹಣ. ಆದ್ದರಿಂದ ಅದರ ಲೆಕ್ಕ ಕೇಳುವ ಹಕ್ಕು ನಿಮಗಿದೆ, ಹೇಳುವ ಹೊಣೆ ನನಗಿದೆ.

ನಮ್ಮ ಸಂಘಕ್ಕೆ ಒಂದು ವೆಬ್‌ಸೈಟ್ ಇರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಸ್ಕಾಲರ್‌ಶಿಪ್ ಮಾಹಿತಿ, ಹಳೆಯ ವಾರ್ಷಿಕ ಸಂಚಿಕೆಗಳು, ಸಭೆಯ ಫೋಟೋಗಳು ಅದರಲ್ಲಿವೆ. ಅದನ್ನು ಮಾಡಿಕೊಟ್ಟವನು ನಮ್ಮದೇ ಹಳೆಯ ವಿದ್ಯಾರ್ಥಿ. ಖಾತೆ ತೆರೆದದ್ದು ಅವನ ಇ-ಮೇಲ್ ವಿಳಾಸದಲ್ಲಿ. ಹಣ ಕಟ್ಟಿದ್ದು ನನ್ನ ಡೆಬಿಟ್ ಕಾರ್ಡಿನಿಂದ. ಆಮೇಲೆ ಸಂಘ ನನಗೆ ಕೊಟ್ಟಿತು. ಮೂರು ವರ್ಷದ ದರ ಬಹಳ ಅಗ್ಗವಾಗಿತ್ತು. ಹುಡುಗ ಕೆಲಸಕ್ಕಾಗಿ ಗಲ್ಫಿಗೆ ಹೋದ. ಸೂಚನೆಗಳೆಲ್ಲ ವಾಟ್ಸಾಪಿನಲ್ಲಿ ಹೋಗತೊಡಗಿದವು. ವೆಬ್‌ಸೈಟನ್ನು ನಾವು ಮರೆತೆವು. ಆದರೆ ಕಂಪನಿ ನಮ್ಮನ್ನು ಮರೆಯಲಿಲ್ಲ.

ಕಳೆದ ವರ್ಷ ಜುಲೈ ತಿಂಗಳು. ಹೊಸನಗರದ ಮಳೆ ನಿಮಗೆ ಹೇಳಬೇಕಾಗಿಲ್ಲ. ನಾನು ಅಲ್ಲಿ ಸಂಬಂಧಿಕರ ಮನೆಯಲ್ಲಿದ್ದೆ. ಎರಡು ದಿನ ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಮೂರನೆಯ ದಿನ ಸಾಗರಕ್ಕೆ ಬರುವ ಬಸ್ಸಿನಲ್ಲಿ ಮೊಬೈಲ್ ಜೀವ ಪಡೆಯಿತು. ಒಂದರ ಹಿಂದೊಂದು ಸಂದೇಶ. ಮೊದಲನೆಯದರಲ್ಲಿ ‘ನಾಳೆ ನಿಮ್ಮ ಖಾತೆಯಿಂದ ಹಣ ಕಡಿತವಾಗಲಿದೆ’ ಎಂದಿತ್ತು. ಎರಡನೆಯದರಲ್ಲಿ ‘ಕಡಿತವಾಗಿದೆ’ ಎಂದಿತ್ತು. ಹೋಸ್ಟಿಂಗಿಗೆ 8,000 ರೂಪಾಯಿ, ಡೊಮೇನ್ ಹೆಸರಿಗೆ 1,000 ರೂಪಾಯಿ, ಎರಡರ ಮೇಲೂ ಶೇಕಡಾ 18 ಜಿ.ಎಸ್.ಟಿ. ಒಟ್ಟು 10,620.

ನಮ್ಮ ಖಜಾಂಚಿಯವರು ತೀರ್ಥಹಳ್ಳಿಯಲ್ಲಿ ಅಂಗಡಿ ನಡೆಸುವ ಹಿರಿಯರು. ಲೆಕ್ಕವನ್ನು ಇಂದಿಗೂ ಕೈಯಲ್ಲೇ ಬರೆಯುತ್ತಾರೆ. ಬಿಲ್ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ ಕೇಳಿದರು: “ಮಾಸ್ಟರೇ, ಯಾರೂ ಕೇಳದ ವಸ್ತುವಿಗೆ ಹತ್ತು ಸಾವಿರ. ಇದನ್ನು ಯಾವ ಲೆಕ್ಕದಲ್ಲಿ ಬರೆಯಲಿ?” ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಮೂವತ್ತು ರೂಪಾಯಿಯ ನೋಟ್‌ಬುಕ್ಕಾದರೆ 354 ಬರುತ್ತವೆ. ‘ಹೋಗಲಿ, ನಾನೇ ಹಾಕಿಕೊಳ್ಳುತ್ತೇನೆ’ ಎಂದು ಮುಗಿಸಬಹುದಿತ್ತು. ಆದರೆ ಹಾಗೆ ಮುಗಿಸಿದ್ದರೆ ಮುಂದಿನ ಸಲ ಇನ್ನೊಬ್ಬರ ಹಣ ಹೀಗೇ ಹೋಗುತ್ತಿತ್ತು. ಆದ್ದರಿಂದ ಹಣ ವಾಪಸ್ ಪಡೆಯಲು ಹೊರಟೆ.

ಎರಡು ಭಾಷೆ ಕಲಿಸುವವನಾದ್ದರಿಂದ ನನ್ನ ಗಮನ ಮೊದಲು ಹೋದದ್ದು ಪದಗಳ ಕಡೆಗೆ. ದಾಖಲೆ, ರಸೀದಿ, ಅರ್ಜಿ, ಕರಾರು, ರದ್ದು, ವಾಪಸ್, ತಕರಾರು, ವಸೂಲಿ. ಇವೆಲ್ಲ ಅರಬ್ಬಿ, ಪಾರಸಿಯಿಂದ ಬಂದು ಕನ್ನಡದ್ದೇ ಆಗಿಬಿಟ್ಟ ಪದಗಳು. ಉರ್ದುವಿನಲ್ಲಿಯೂ ಇವೇ. ಹಣ ವಾಪಸ್ ಪಡೆಯುವ ದಾರಿಯ ಒಂದೊಂದು ಮೆಟ್ಟಿಲಿಗೂ ನಮ್ಮ ಎರಡೂ ಭಾಷೆಗಳಲ್ಲಿ ಒಂದೇ ಹೆಸರಿದೆ. ಆ ಮೆಟ್ಟಿಲುಗಳನ್ನೇ ಹಿಡಿದು ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು: ನಾವು ಕೊಂಡದ್ದೇನು?

ಪೇಟೆಯಲ್ಲಿ ಮಳಿಗೆ ಬಾಡಿಗೆಗೆ ಹಿಡಿಯುತ್ತೀರಿ. ಮಳಿಗೆ ಬೇರೆ, ಅದರ ಮೇಲೆ ಹಾಕುವ ಬೋರ್ಡು ಬೇರೆ, ಒಳಗಿಡುವ ಸಾಮಾನು ಬೇರೆ. ವೆಬ್‌ಸೈಟೂ ಹಾಗೆಯೇ. ಹೋಸ್ಟಿಂಗ್ ಎಂದರೆ ಬಾಡಿಗೆ ಮಳಿಗೆ. ಕಂಪನಿಯ ಕಂಪ್ಯೂಟರಿನಲ್ಲಿ ನಮಗೆ ಕೊಟ್ಟ ಜಾಗ. ಡೊಮೇನ್ ಎಂದರೆ ಬೋರ್ಡಿನ ಹೆಸರು. ಫೋಟೋ, ಬರಹಗಳು ಸಾಮಾನು, ಅವು ನಮ್ಮವು. ಮಳಿಗೆಯನ್ನೂ ಬೋರ್ಡನ್ನೂ ಒಂದೇ ಕಂಪನಿ, ಒಂದೇ ಬಿಲ್ಲಿನಲ್ಲಿ ಕೊಡುವುದರಿಂದ ನಾವು ಎಲ್ಲವೂ ಒಂದೇ ಎಂದುಕೊಳ್ಳುತ್ತೇವೆ.

ಈ ವ್ಯತ್ಯಾಸ ಹಣ ವಾಪಸಿನಲ್ಲಿ ಬಹಳ ಮುಖ್ಯ. ಬಳಸದೆ ಉಳಿದ ಹೋಸ್ಟಿಂಗಿನ ಹಣ ಕೇಳಲು ದಾರಿಯಿದೆ. ಹಲವು ಕಂಪನಿಗಳು 30 ದಿನದೊಳಗೆ ಹಣ ವಾಪಸ್ ಎಂದು ತಾವೇ ಹೇಳಿಕೊಂಡಿರುತ್ತವೆ. ಡೊಮೇನಿನ ಹಣ ಸಾಮಾನ್ಯವಾಗಿ ಬರುವುದಿಲ್ಲ. ಏಕೆಂದರೆ ಹೆಸರು ನೋಂದಣಿಯಾದೊಡನೆ ಅದರ ಶುಲ್ಕ ಕಂಪನಿಯ ಕೈಬಿಟ್ಟು ನೋಂದಣಿ ವ್ಯವಸ್ಥೆಗೆ ಹೋಗಿರುತ್ತದೆ. ‘ಡಾಟ್ ಇನ್’ ಹೆಸರುಗಳಾದರೆ ಆ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ಭಾರತೀಯ ಸಂಸ್ಥೆ.

ದಾಖಲೆ

ಸಿಟ್ಟಿನಲ್ಲಿ ನಾನು ಮೊದಲ ದಿನವೇ ‘ಖಾತೆ ಅಳಿಸಿ’ ಎಂಬ ಗುಂಡಿ ಒತ್ತಲು ಹೋಗಿದ್ದೆ. ಒತ್ತಿದ್ದರೆ ನಮ್ಮ ಹಳೆಯ ಸಂಚಿಕೆಗಳೆಲ್ಲ ಅಳಿಸಿಹೋಗುತ್ತಿದ್ದವು. ಗಲ್ಫಿನಲ್ಲಿದ್ದ ಹುಡುಗ ಫೋನಿನಲ್ಲಿ ಕೂಗಿ ಹೇಳಿದ: “ಸರ್, ಒತ್ತಬೇಡಿ! ಮೊದಲು ಬ್ಯಾಕಪ್ ತೆಗೆಯಿರಿ.” ಬಾಡಿಗೆ ಮಳಿಗೆ ಬಿಡುವವನು ಮೊದಲು ಸಾಮಾನು ಹೊರಗೆ ತರಬೇಕಲ್ಲವೇ?

ಸಾಮಾನು ಮೂರು ಕಡೆ ಇರುತ್ತದೆ. ಪುಟಗಳು ಮತ್ತು ಫೋಟೋಗಳಿರುವ ಫೋಲ್ಡರ್, ಬರಹಗಳಿರುವ ಡೇಟಾಬೇಸ್, ಸಂಘದ ಹೆಸರಿನ ಇ-ಮೇಲ್‌ಗಳು. ಮೂರನ್ನೂ ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆಯದ ಬ್ಯಾಕಪ್ ಬ್ಯಾಕಪ್ ಅಲ್ಲ. ನಮ್ಮ ಹಳೆಯ ಕನ್ನಡ ಲೇಖನಗಳು ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡವು. ಅವನ್ನು ಯೂನಿಕೋಡಿಗೆ ಪರಿವರ್ತಿಸಬೇಕಾಯಿತು. ಉರ್ದು ಲೇಖನಗಳನ್ನು ಇನ್‌ಪೇಜಿನಲ್ಲಿ ಬರೆದು ಚಿತ್ರಗಳಾಗಿ ಹಾಕಿದ್ದರು. ಚಿತ್ರಗಳು ಸಿಕ್ಕವು, ಮೂಲ ಕಡತಗಳು ಸಿಗಲಿಲ್ಲ. ಎರಡು ಸಂಜೆ ನಮ್ಮ ಹೈಸ್ಕೂಲು ಮಕ್ಕಳು ಕುಳಿತು ಇದನ್ನೆಲ್ಲ ಜೋಡಿಸಿಕೊಟ್ಟರು. ಹಣಕ್ಕಿಂತ ದೊಡ್ಡ ಆಸ್ತಿ ಅದೇ ಆಗಿತ್ತು ಎಂದು ಆಗ ತಿಳಿಯಿತು.

ಹೆಸರನ್ನು ಉಳಿಸಿಕೊಳ್ಳಬೇಕಾದರೆ ಡೊಮೇನನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು, ಇಲ್ಲವೇ ಬೇರೆ ಕಂಪನಿಗೆ ವರ್ಗಾಯಿಸಬೇಕು. ವರ್ಗಾಯಿಸಲು ಅದರ ಬೀಗ ತೆಗೆಸಿ ಒಂದು ಗುಪ್ತ ಸಂಕೇತ ಪಡೆಯಬೇಕಾಗುತ್ತದೆ. ಖಾತೆ ಮುಚ್ಚಿದ ಮೇಲೆ ಇದಕ್ಕಾಗಿ ಅಲೆಯುವುದು ಕಷ್ಟ.

ಅರ್ಜಿ ಮತ್ತು ರದ್ದು

ಇಲ್ಲಿ ಬಹಳ ಜನ ಎಡವುತ್ತಾರೆ. ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರೆ ಖಾತೆ ರದ್ದಾಗುವುದಿಲ್ಲ. ವೆಬ್‌ಸೈಟ್ ಬಳಸದೆ ಬಿಟ್ಟರೂ ರದ್ದಾಗುವುದಿಲ್ಲ. ‘ತಾನಾಗಿ ನವೀಕರಣ’ ಎಂಬುದನ್ನು ನಿಲ್ಲಿಸಿದರೆ ಮುಂದಿನ ಕಂತು ನಿಲ್ಲುತ್ತದೆ, ಈಗ ಹೋದ ಹಣ ಬರುವುದಿಲ್ಲ. ರದ್ದು ಮಾಡಿದ್ದೇನೆ ಎಂದು ಬರೆದು ತಿಳಿಸಬೇಕು, ಹಣ ವಾಪಸ್ ಬೇಕು ಎಂದು ಬೇರೆಯಾಗಿ ಬರೆಯಬೇಕು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಪತ್ರಲೇಖನ ಐದು ಅಂಕಕ್ಕೆ ಬರುತ್ತದೆ ಎಂದು ಬೇಸರಪಡುತ್ತೀರಿ. ನನ್ನ ಪತ್ರ ಹೀಗಿತ್ತು:

“ಮಾನ್ಯರೇ, ನಮ್ಮ ಖಾತೆಯ ಹೋಸ್ಟಿಂಗ್ ಸೇವೆ ಈ ದಿನಾಂಕದಂದು ತಾನಾಗಿ ನವೀಕರಣಗೊಂಡು, ಈ ಬಿಲ್ ಸಂಖ್ಯೆಯಂತೆ ಹಣ ಕಡಿತವಾಗಿದೆ. ಈ ಸೇವೆ ನಮಗೆ ಬೇಡ. ಇಂದಿನಿಂದಲೇ ರದ್ದುಪಡಿಸಿ. ನಿಮ್ಮ ಪುಟದಲ್ಲಿ ತಿಳಿಸಿರುವ 30 ದಿನಗಳ ಅವಧಿಯೊಳಗೇ ಈ ಅರ್ಜಿ ಸಲ್ಲಿಸುತ್ತಿದ್ದೇವೆ. ತೆರಿಗೆಯೂ ಸೇರಿದಂತೆ ಹಣವನ್ನು ಕಡಿತವಾದ ಕಾರ್ಡಿಗೇ ವಾಪಸ್ ಮಾಡಿ. ಮುಂದಿನ ಕಡಿತಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದಿದ್ದೇವೆ. ದೂರಿನ ಸಂಖ್ಯೆ ತಿಳಿಸಿ.”

ಇಷ್ಟೇ. ಬೈಗುಳವಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಖಾತೆ ಹುಡುಗನ ಹೆಸರಿನಲ್ಲಿದ್ದುದರಿಂದ ಪತ್ರ ಅವನ ಇ-ಮೇಲ್‌ನಿಂದಲೇ ಹೋಗಬೇಕಾಯಿತು. ಅವನು ಡ್ಯೂಟಿ ಮುಗಿಸಿ ರಾತ್ರಿ ಕಳುಹಿಸಿದ. ಅವನು ಸಿಗದೇ ಹೋಗಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಂಸ್ಥೆಯ ಖಾತೆ ಸಂಸ್ಥೆಯ ಇ-ಮೇಲ್‌ನಲ್ಲಿಯೇ ಇರಬೇಕು, ಕನಿಷ್ಠ ಇಬ್ಬರು ಪದಾಧಿಕಾರಿಗಳ ಕೈಯಲ್ಲಿರಬೇಕು ಎಂಬುದು ನಾನು ಕಲಿತ ದೊಡ್ಡ ಪಾಠ.

ರಸೀದಿ

ಅಡಿಕೆ ಮಂಡಿಗೆ ಮೂಟೆ ಹಾಕಿದವರು ತೂಕದ ಚೀಟಿ ಇಲ್ಲದೆ ಮನೆಗೆ ಬರುತ್ತಾರೆಯೇ? ಆದರೆ ಇಂಟರ್‌ನೆಟ್ಟಿನಲ್ಲಿ ಹಣ ಕಟ್ಟುವಾಗ ನಾವು ಚೀಟಿಯ ವಿಚಾರ ಮರೆಯುತ್ತೇವೆ. ನನ್ನನ್ನು ಉಳಿಸಿದ್ದು ನಾಲ್ಕು ಕಾಗದ: ಬಿಲ್, ಬ್ಯಾಂಕಿನ ಸಂದೇಶ, ‘30 ದಿನ ಹಣ ವಾಪಸ್’ ಎಂದು ಬರೆದಿದ್ದ ಪುಟದ ಚಿತ್ರ, ಮತ್ತು ದೂರಿನ ಸಂಖ್ಯೆ. ಪುಟದ ಚಿತ್ರವನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳಬೇಕು, ಪುಟಗಳು ಬದಲಾಗುತ್ತವೆ.

ಎರಡು ದಿನದ ಮೇಲೆ ಉತ್ತರ ಬಂತು: ‘ಹಣ ವಾಪಸ್ ಮೊದಲ ಖರೀದಿಗೆ ಮಾತ್ರ, ನವೀಕರಣಕ್ಕಿಲ್ಲ.’ ಅವರ ಪುಟದಲ್ಲಿ ಹಾಗೆ ಬರೆದಿರಲಿಲ್ಲ. ಚಿತ್ರ ಕಳುಹಿಸಿದೆವು. ಆಗ ಇನ್ನೊಂದು ಉತ್ತರ: ‘ಹಣವನ್ನು ನಿಮ್ಮ ಖಾತೆಯಲ್ಲಿಯೇ ಜಮಾ ಇಡುತ್ತೇವೆ, ನಮ್ಮಲ್ಲಿ ಬೇರೇನಾದರೂ ಕೊಳ್ಳಿ.’ ಇದನ್ನು ಒಪ್ಪಬಾರದು. ಅದು ವಾಪಸ್ ಅಲ್ಲ. ಹಣ ಅವರ ಗಲ್ಲಾದಲ್ಲಿಯೇ ಉಳಿಯುತ್ತದೆ.

ತಕರಾರು

ಅರಬ್ಬಿಯಲ್ಲಿ ತಕರಾರು ಎಂದರೆ ಮತ್ತೆ ಮತ್ತೆ ಹೇಳುವುದು. ಜಗಳವಾಡುವುದಕ್ಕಿಂತ ಈ ಅರ್ಥವೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೇಳಲು ನಮ್ಮ ಹಿಂದೆ ಕಾನೂನಿದೆ.

ದೇಶದ ಮೊದಲ ಗ್ರಾಹಕ ರಕ್ಷಣಾ ಕಾಯ್ದೆ ಬಂದದ್ದು 1986ರಲ್ಲಿ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ನ್ನು ನಾವು ರಾಷ್ಟ್ರೀಯ ಗ್ರಾಹಕರ ದಿನವೆಂದು ಆಚರಿಸುತ್ತೇವೆ. ಅದರ ಜಾಗದಲ್ಲಿ 2019ರ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷವಿರುವ ವಸ್ತುವನ್ನು ಹಿಂದಕ್ಕೆ ಪಡೆಯದಿರುವುದು ಅಥವಾ ಕೊರತೆಯಿರುವ ಸೇವೆಯನ್ನು ನಿಲ್ಲಿಸಿ ಹಣ ಮರಳಿಸದಿರುವುದು ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಅದೇ ಜುಲೈನಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಇನ್ನೂ ಸ್ಪಷ್ಟ. ಗ್ರಾಹಕರ ಒಪ್ಪಿಗೆಯನ್ನು ಮೊದಲೇ ಟಿಕ್ ಹಾಕಿದ ಚೌಕದಿಂದ ಪಡೆಯುವಂತಿಲ್ಲ. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ಜಾಲತಂತ್ರಗಳನ್ನು ಪಟ್ಟಿಮಾಡಿ ನಿಷೇಧಿಸಿತು. ಚಂದಾದಾರಿಕೆಯ ಬಲೆ ಅವುಗಳಲ್ಲೊಂದು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ರದ್ದತಿಯ ದಾರಿಯನ್ನು ಬಚ್ಚಿಡುವುದೇ ಆ ಬಲೆ.

ಕಂಪನಿ ಜಗ್ಗದಿದ್ದಾಗ ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾಗದಗಳನ್ನು ಸಲ್ಲಿಸಿದ ಮೇಲೆ ಒಂದು ದೂರು ಸಂಖ್ಯೆ ಕೊಟ್ಟು ವಿಷಯವನ್ನು ಕಂಪನಿಗೆ ಮುಟ್ಟಿಸಿದರು. ಇದು ನ್ಯಾಯಾಲಯವಲ್ಲ, ದಂಡ ಹಾಕುವುದಿಲ್ಲ. ಆದರೂ ನಮ್ಮ ವಿಷಯದಲ್ಲಿ ಇದೇ ಸಾಕಾಯಿತು. ಅಲ್ಲಿಯೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗವಿದೆ. ಹಳೆಯ ಕಾಯ್ದೆಯಲ್ಲಿ ಕಂಪನಿ ಇರುವ ಊರು ಅಥವಾ ವ್ಯವಹಾರ ನಡೆದ ಊರು ಮುಖ್ಯವಾಗಿತ್ತು. ಹೊಸ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೂ ದೂರು ಕೊಡಬಹುದು. ಕಂಪನಿ ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ಹೊಸನಗರದವರು ಶಿವಮೊಗ್ಗದಾಚೆ ಹೋಗಬೇಕಾಗಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ‘ಇ-ದಾಖಿಲ್’ ಎಂಬ ಹೆಸರಿನಲ್ಲಿ ಮನೆಯಿಂದಲೇ ದೂರು ಸಲ್ಲಿಸುವ ವ್ಯವಸ್ಥೆ ಆರಂಭವಾಯಿತು. 2025ರ ಜನವರಿಯಿಂದ ಅದು ‘ಇ-ಜಾಗೃತಿ’ ಆಗಿದೆ. ನೋಂದಾಯಿತ ಸಂಘಗಳೂ ದೂರು ಕೊಡಬಹುದು. ಆದರೆ ಲಾಭದ ವ್ಯಾಪಾರಕ್ಕೆಂದು ಪಡೆದ ಸೇವೆ ಇದರಲ್ಲಿ ಬರುವುದಿಲ್ಲ. ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವರಿಗೆ ವಿನಾಯಿತಿ ಇದೆ.

ಬ್ಯಾಂಕಿನ ವಿಚಾರವನ್ನೂ ಹೇಳಬೇಕು. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿ ಜಾರಿಗೆ ಬಂದ ಮೇಲೆ, ಕಾರ್ಡಿನಿಂದ ತಾನಾಗಿ ಹಣ ಕಡಿಯುವ ಮುನ್ನ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು, ಬೇಡವೆನ್ನಲು ಅವಕಾಶವಿರಬೇಕು. ನನಗೆ ಸೂಚನೆ ಬಂದಿತ್ತು, ಮಳೆಯಿಂದಾಗಿ ಕಂಡಿರಲಿಲ್ಲ. ಆದ್ದರಿಂದ ಬ್ಯಾಂಕಿನದೇನೂ ತಪ್ಪಿರಲಿಲ್ಲ. ನಮ್ಮ ಮಲೆನಾಡಿನ ಮಳೆಗಾಲಕ್ಕೆ 24 ಗಂಟೆ ಸಾಲದು. ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೇ ಬರೆದಿಡಬೇಕು. ಯು.ಪಿ.ಐ. ಮೂಲಕ ಕೊಟ್ಟ ಒಪ್ಪಿಗೆಯನ್ನು ಆಯಾ ಆ್ಯಪಿನ ‘ಆಟೋಪೇ’ ಪುಟದಲ್ಲಿ ನಾವೇ ರದ್ದುಮಾಡಬಹುದು. ಸೂಚನೆಯೇ ಇಲ್ಲದೆ ಕಡಿತವಾಗಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಅದಕ್ಕೆ ಖರ್ಚಿಲ್ಲ.

ಒಂದು ಎಚ್ಚರಿಕೆ. ಕಂಪನಿಯ ಸಹಾಯವಾಣಿ ಸಂಖ್ಯೆಯನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಕರೆ ಮಾಡಬೇಡಿ. ರೀಫಂಡ್ ಹುಡುಕುವವರಿಗಾಗಿಯೇ ಕಳ್ಳರು ಅಲ್ಲಿ ಸುಳ್ಳು ಸಂಖ್ಯೆಗಳನ್ನು ಹಾಕಿ ಕಾದಿರುತ್ತಾರೆ. ‘ಈ ಆ್ಯಪ್ ಹಾಕಿಕೊಳ್ಳಿ, ಓ.ಟಿ.ಪಿ. ಹೇಳಿ, ಪಿನ್ ಒತ್ತಿದರೆ ಹಣ ಬರುತ್ತದೆ’ ಎನ್ನುತ್ತಾರೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಬೇಕಾಗುವುದು ಹಣ ಕೊಡಲು. ಮೋಸ ಹೋದಿರಿ ಎಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹತ್ತು ಸಾವಿರ ಹಿಂಪಡೆಯಲು ಹೋಗಿ ಲಕ್ಷ ಕಳೆದುಕೊಳ್ಳಬಾರದು.

ವಾಪಸ್

ಸಹಾಯವಾಣಿಗೆ ದೂರು ಕೊಟ್ಟ ಮೂರನೆಯ ವಾರ ಕಂಪನಿಯಿಂದ ಪತ್ರ ಬಂತು. ಹೋಸ್ಟಿಂಗಿನ 8,000 ಮತ್ತು ಅದರ ತೆರಿಗೆ 1,440, ಒಟ್ಟು 9,440 ರೂಪಾಯಿ ನನ್ನ ಕಾರ್ಡಿಗೆ ಮರಳಿತು. ಡೊಮೇನಿನ 1,180 ಬರಲಿಲ್ಲ. ನಾನು ಮತ್ತೆ ಕೇಳಲಿಲ್ಲ, ಏಕೆಂದರೆ ಆ ಹೆಸರನ್ನು ನಾವು ಬಳಸುತ್ತಿದ್ದೇವೆ. ಈಗ ಒಂದು ಉಚಿತ ಸೇವೆಯಲ್ಲಿ ಐದು ಪುಟಗಳ ಸರಳ ವೆಬ್‌ಸೈಟ್ ಅದೇ ಹೆಸರಿನಲ್ಲಿದೆ. ನಮಗೆ ಬೇಕಾದದ್ದು ಅಷ್ಟೇ ಆಗಿತ್ತು.

ನ್ಯಾಯ ಎರಡೂ ಕಡೆ ಇರಬೇಕು. ಇಸ್ಲಾಮೀ ವ್ಯಾಪಾರ ನಿಯಮಗಳಲ್ಲಿ ‘ಖಿಯಾರ್’ ಎಂಬ ಮಾತಿದೆ. ಒಪ್ಪಿಕೊಂಡ ಅವಧಿಯಲ್ಲಿ, ಅಥವಾ ದೋಷ ಕಂಡಾಗ, ವ್ಯವಹಾರವನ್ನು ರದ್ದುಪಡಿಸುವ ಆಯ್ಕೆ ಎಂದು ಅದರ ಅರ್ಥ. ನಾವು ದಿನವೂ ಬಳಸುವ ‘ಇಖ್ತಿಯಾರ್’ ಅದೇ ಮೂಲದ ಪದ. ಆಯ್ಕೆ ಇರುವುದು ಮೋಸದಿಂದ ಉಳಿಸಲು, ಮೋಸ ಮಾಡಲು ಅಲ್ಲ. ಇಪ್ಪತ್ತೊಂಬತ್ತು ದಿನ ಬಳಸಿ ಮೂವತ್ತನೆಯ ದಿನ ಹಣ ಕೇಳುವ ಜಾಣತನವನ್ನು ನಮ್ಮ ಮಕ್ಕಳು ಕಲಿಯಬಾರದು.

ವಿದ್ಯಾರ್ಥಿಗಳೇ, ನಾಳೆ ನೀವು ಕೋಚಿಂಗ್ ಆ್ಯಪಿಗೆ ಸೇರುತ್ತೀರಿ, ಆನ್‌ಲೈನ್ ಕೋರ್ಸಿಗೆ ಹಣ ಕಟ್ಟುತ್ತೀರಿ. ಎಷ್ಟೋ ಸಲ ಅದು ತಂದೆ ತಾಯಿ ತೋಟದಲ್ಲಿ ದುಡಿದ, ಅಂಗಡಿಯಲ್ಲಿ ನಿಂತು ಗಳಿಸಿದ ಹಣ. ಕಟ್ಟುವ ಮುನ್ನ ‘ಬಿಡುವ ದಾರಿ ಎಲ್ಲಿದೆ?’ ಎಂದು ಒಮ್ಮೆ ಓದಿ. ಮನೆಯವರಿಗೆ ಇಂಗ್ಲಿಷ್ ಕರಾರು ಓದಲು ಬಾರದಿದ್ದರೆ ನೀವು ಓದಿ ಹೇಳಿ. ನಿಮ್ಮ ಓದಿನ ಮೊದಲ ಪ್ರಯೋಜನ ನಿಮ್ಮ ಮನೆಗೇ ಸಿಗಲಿ.

ಹಣ ಬಂದ ದಿನ ತೀರ್ಥಹಳ್ಳಿಗೆ ಹೋಗಿ ಖಜಾಂಚಿಯವರಿಗೆ ಬ್ಯಾಂಕಿನ ಕಾಗದ ಕೊಟ್ಟೆ. ಖರ್ಚಿನ ಕಡೆ 1,180 ಎಂದು ಬರೆದರು. ಆಮೇಲೆ ಪುಸ್ತಕದ ಕೊನೆಯ ಹಾಳೆ ತೆರೆದು, ಸಂಘ ಎಲ್ಲೆಲ್ಲಿ ಯಾವ ಯಾವ ಖಾತೆ ಹೊಂದಿದೆ, ಯಾರ ಕೈಯಲ್ಲಿದೆ, ಯಾವ ತಿಂಗಳು ನವೀಕರಣ ಎಂದು ನನ್ನಿಂದ ಕೇಳಿ ಒಂದೊಂದಾಗಿ ಬರೆದುಕೊಂಡರು. “ಇನ್ನು ಮೇಲೆ ಮಳೆಗಾಲಕ್ಕೆ ಮುಂಚೆ ನಾನೇ ನಿಮಗೆ ಫೋನ್ ಮಾಡುತ್ತೇನೆ, ಮಾಸ್ಟರೇ” ಎಂದರು. ಈ ವರ್ಷ ಮೇ ತಿಂಗಳಲ್ಲಿ ಅವರ ಫೋನ್ ಬಂತು.